ಕಥಾಸ್ಪರ್ಧೆಗೆ ಕಳಿಸುವ ಮುಂಚೆ: ಹೊಸ ಕತೆಗಾರರು ಪದೇ ಪದೇ ಕೇಳುವ ಪ್ರಶ್ನೆಗಳು

ಮೊದಲು ಒಂದೆರಡು ಮಾತು. ನಾನು ಹನ್ನೆರಡು ವರ್ಷದಿಂದ ಸ್ಪರ್ಧೆಗಳಿಗೆ ಕತೆ ಕಳಿಸುತ್ತಿದ್ದೇನೆ. ಗೆದ್ದದ್ದು ಕಮ್ಮಿ, ಗೆಲ್ಲದೆ ಹೋದದ್ದು ಜಾಸ್ತಿ. ಎರಡು ಸಲ ಸಣ್ಣ ಸ್ಪರ್ಧೆಗಳಿಗೆ ಮೊದಲ ಸುತ್ತಿನ ಓದುಗನಾಗಿಯೂ ಕೂತಿದ್ದೇನೆ, ಅಂದರೆ ಬಂದ ಕತೆಗಳನ್ನೆಲ್ಲ ಓದಿ, ಜರಡಿ ಹಿಡಿದು, ಉಳಿದವನ್ನು ತೀರ್ಪುಗಾರರಿಗೆ ದಾಟಿಸುವ ಕೆಲಸ. ಬರೆದು ಕಲಿತದ್ದಕ್ಕಿಂತ ಆ ಎರಡು ಸಲ ಓದಿ ಕಲಿತದ್ದೇ ಹೆಚ್ಚು. ಹೊಸಬರು ನನ್ನನ್ನು ಕೇಳುವುದು ಹೆಚ್ಚೂಕಮ್ಮಿ ಇವೇ ಪ್ರಶ್ನೆ, ಅದಕ್ಕೇ ಒಂದು ಕಡೆ ಬರೆದಿಟ್ಟಿದ್ದೇನೆ.

ನನ್ನ ಒಂದು ಕತೆಯೂ ಇನ್ನೂ ಅಚ್ಚಾಗಿಲ್ಲ. ಕಳಿಸಬಹುದಾ?

ಖಂಡಿತ ಕಳಿಸಿ. ಎಷ್ಟೋ ಸ್ಪರ್ಧೆಗಳಲ್ಲಿ ಕತೆಯ ಮೇಲೆ ಬರೆದವರ ಹೆಸರೇ ಇರುವುದಿಲ್ಲ, ಬರೀ ಒಂದು ನಂಬರ್ ಇರುತ್ತದೆ. ನೀವು ಹತ್ತು ಪುಸ್ತಕ ಬರೆದವರೋ, ಮೊನ್ನೆ ಮೊನ್ನೆ ಪೆನ್ನು ಹಿಡಿದವರೋ ಓದುವವರಿಗೆ ಗೊತ್ತೇ ಆಗುವುದಿಲ್ಲ. ಹೊಸಬರಿಗೆ ಇದು ದೊಡ್ಡ ಅನುಕೂಲ.

ಹೊಸಬರಿಗೆ ಅಂತಲೇ ನಡೆಸುವ ಸ್ಪರ್ಧೆಗಳೂ ಇವೆ. ಕಥಾಸಂಕಲನ ಬಂದಿರಬಾರದು, ಇಂತಿಷ್ಟು ವಯಸ್ಸು ದಾಟಿರಬಾರದು, ಹೀಗೆ ಏನಾದರೂ ಷರತ್ತು ಇರುತ್ತದೆ. ಅಂಥದ್ದು ಸಿಕ್ಕರೆ ಮೊದಲು ಅಲ್ಲಿಗೆ ಕಳಿಸಿ. ಒಂದು ಸಂಕಲನ ಬಂದ ಮೇಲೆ ಆ ಅವಕಾಶ ತಿರುಗಿ ಸಿಗುವುದಿಲ್ಲ.

ಕತೆ ಕಳಿಸುವಷ್ಟು ಪಕ್ವ ಆಗಿದೆ ಅಂತ ಹೇಗೆ ತಿಳಿಯುವುದು?

ಬರೆದು ಮುಗಿಸಿದ ದಿನ ಎಲ್ಲ ಕತೆಯೂ ಚೆನ್ನಾಗಿಯೇ ಕಾಣುತ್ತದೆ. ಎರಡು ವಾರ ಮುಟ್ಟಬೇಡಿ. ಆಮೇಲೆ ಗಟ್ಟಿಯಾಗಿ ಓದಿ, ಮನಸ್ಸಿನಲ್ಲೇ ಅಲ್ಲ, ಬಾಯಿಬಿಟ್ಟು. ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ವಾಕ್ಯ ಸರಿಯಿಲ್ಲ. ಎಲ್ಲಿ ನಿಮಗೇ ಬೇಗ ಬೇಗ ಓದಿ ಮುಂದೆ ಹೋಗೋಣ ಅನ್ನಿಸುತ್ತದೋ ಆ ಭಾಗ ಕತೆಗೆ ಬೇಡ. ಈ ಎರಡನೆಯದನ್ನು ಒಪ್ಪಿಕೊಳ್ಳುವುದು ಕಷ್ಟ, ಯಾಕೆಂದರೆ ಅಲ್ಲಿ ನಾವು ತುಂಬ ಇಷ್ಟಪಟ್ಟು ಬರೆದ ವರ್ಣನೆಯೇ ಇರುತ್ತದೆ.

ಇನ್ನೊಬ್ಬರಿಗೆ ಓದಲು ಕೊಡುವಾಗ "ಹೇಗಿದೆ?" ಅಂತ ಕೇಳಬೇಡಿ. "ಚೆನ್ನಾಗಿದೆ" ಅನ್ನುತ್ತಾರೆ, ಮುಗೀತು. "ಎಲ್ಲಿ ಬೋರ್ ಆಯ್ತು? ಎಲ್ಲಿ ಯಾರು ಯಾರು ಅಂತ ಗೊಂದಲ ಆಯ್ತು?" ಅಂತ ಕೇಳಿ. ಈ ಎರಡು ಪ್ರಶ್ನೆಗೆ ಸಾಹಿತ್ಯ ಗೊತ್ತಿಲ್ಲದವರೂ ಸರಿಯಾದ ಉತ್ತರ ಕೊಡುತ್ತಾರೆ. ಹೇಗೆ ಸರಿಮಾಡಬೇಕು ಅಂತ ಅವರು ಹೇಳುವುದನ್ನು ಮಾತ್ರ ಹಾಗೇ ತೆಗೆದುಕೊಳ್ಳಬೇಡಿ. ತೊಂದರೆ ಎಲ್ಲಿದೆ ಅನ್ನುವುದು ಓದುಗರಿಗೆ ಗೊತ್ತು, ಮದ್ದು ಬರೆದವರೇ ಹುಡುಕಬೇಕು.

ಮೊದಲ ಸುತ್ತಿನಲ್ಲಿ ನಿಜವಾಗಿ ಏನು ನಡೆಯುತ್ತದೆ? ಪೂರ್ತಿ ಓದುತ್ತಾರಾ?

ಇದಕ್ಕೆ ಸ್ವಲ್ಪ ಉದ್ದವಾಗಿಯೇ ಉತ್ತರ ಹೇಳಬೇಕು, ಯಾಕೆಂದರೆ ಇದು ಗೊತ್ತಾದ ಮೇಲೆ ನಾನು ಕತೆ ಬರೆಯುವ ರೀತಿಯೇ ಬದಲಾಯಿತು.

ನನ್ನ ಪಾಲಿಗೆ ನೂರಕ್ಕೂ ಜಾಸ್ತಿ ಕತೆ ಬಂದಿದ್ದವು. ದಿನಕ್ಕೆ ಐದಾರು ಓದುತ್ತಿದ್ದೆ, ಕೆಲಸ ಮುಗಿಸಿ ಬಂದ ಮೇಲೆ, ರಾತ್ರಿ. ಎಲ್ಲವನ್ನೂ ಪೂರ್ತಿ ಓದಿದೆ, ಅದು ನನ್ನ ಹಟ. ಆದರೆ ಪೂರ್ತಿ ಓದಿದರೂ ಮೊದಲ ಪುಟದಲ್ಲೇ ಮನಸ್ಸು ಒಂದು ಅಭಿಪ್ರಾಯಕ್ಕೆ ಬಂದುಬಿಡುತ್ತದೆ. ಮುಂದಿನ ಪುಟಗಳು ಅದನ್ನು ಬದಲಿಸಬಹುದು, ಬದಲಿಸಿದ್ದೂ ಉಂಟು, ಆದರೆ ಅಪರೂಪ.

ಮೊದಲ ದಿನ ಓದಿದ ಆರು ಕತೆಗಳಲ್ಲಿ ಮೂರು ಬೆಳಗಾಗುವುದರಿಂದ ಶುರುವಾಗಿದ್ದವು. ಸೂರ್ಯನ ಕಿರಣ ಕಿಟಕಿಯಿಂದ ಇಣುಕಿತು, ಹಕ್ಕಿಗಳು ಚಿಲಿಪಿಲಿಗುಟ್ಟಿದವು, ನಾಯಕ ಕಣ್ಣುಜ್ಜಿಕೊಂಡು ಎದ್ದ. ಬರೆದವರದ್ದು ತಪ್ಪಿಲ್ಲ. ಕತೆಯೊಳಗೆ ಇಳಿಯಲು ಅವರಿಗೂ ಒಂದು ಮೆಟ್ಟಿಲು ಬೇಕಿತ್ತು. ಆದರೆ ಇಳಿದಾದ ಮೇಲೆ ಮೆಟ್ಟಿಲು ತೆಗೆಯಬೇಕು, ಅಲ್ವಾ? ಆ ಮೂರರಲ್ಲಿ ಒಂದರ ಎರಡನೆಯ ಪುಟದಲ್ಲಿ ಹೀಗೊಂದು ಸಾಲಿತ್ತು, ನನ್ನ ಮಾತಿನಲ್ಲಿ ಹೇಳುತ್ತೇನೆ: ಅಪ್ಪನ ಚಪ್ಪಲಿ ಬಾಗಿಲಲ್ಲೇ ಇತ್ತು, ಮನೆಯೆಲ್ಲ ಹುಡುಕಿದರೂ ಅಪ್ಪ ಇರಲಿಲ್ಲ. ಓದಿದ ಕೂಡಲೇ ನೆಟ್ಟಗೆ ಕೂತೆ. ಚಪ್ಪಲಿ ಬಿಟ್ಟು ಎಲ್ಲಿ ಹೋದ? ಕತೆ ಇರುವುದೇ ಅಲ್ಲಿ. ಅದಕ್ಕೆ ಮುಂಚಿನ ಒಂದೂವರೆ ಪುಟ ಸೂರ್ಯ, ಹಕ್ಕಿ, ಹಲ್ಲುಜ್ಜುವುದು. ಆ ಕತೆಯನ್ನು ನಾನು ಮುಂದೆ ಕಳಿಸಿದೆ, ಆದರೆ ಅದು ಕೊನೆಯ ಪಟ್ಟಿಗೆ ಬರಲಿಲ್ಲ. ಚಪ್ಪಲಿಯಿಂದಲೇ ಶುರುವಾಗಿದ್ದರೆ ಬರುತ್ತಿತ್ತೇನೋ ಅಂತ ಇವತ್ತಿಗೂ ಅನ್ನಿಸುತ್ತದೆ.

ಅವತ್ತಿನಿಂದ ನಾನು ಪ್ರತಿ ಕತೆಯ ಮೊದಲ ಪುಟವನ್ನು ಕೈಯಿಂದ ಮುಚ್ಚಿ ಎರಡನೆಯ ಪುಟದಿಂದ ಓದಿ ನೋಡುತ್ತೇನೆ. ಅರ್ಥವಾದರೆ ಮೊದಲ ಪುಟ ಹೋಯಿತು.

ಎರಡನೆಯ ದೊಡ್ಡ ತೊಂದರೆ ಇರುವುದು ಕತೆಯ ಕೊನೆಯಲ್ಲಿ. ಕತೆ ಚೆನ್ನಾಗಿ ನಡೆದು, ಮುಗಿಯಬೇಕಾದ ಕಡೆ ಮುಗಿದು, ಆಮೇಲೆ ಇನ್ನೊಂದು ಪ್ಯಾರಾ ಇರುತ್ತದೆ: "ದುಡ್ಡಿಗಿಂತ ಮನುಷ್ಯತ್ವ ದೊಡ್ಡದು ಎಂದು ಅವನಿಗೆ ಅರಿವಾಯಿತು." ಅದು ಓದುಗನಿಗೆ ಆಗಲೇ ಅರಿವಾಗಿತ್ತು. ನೀವು ಹೇಳಿದ ಕೂಡಲೇ ಅದು ಅವನದ್ದಾಗಿ ಉಳಿಯಲಿಲ್ಲ. ಕೊನೆಯ ಪ್ಯಾರಾ ಅಳಿಸಿ ಒಮ್ಮೆ ಓದಿ ನೋಡಿ. ಸುಮಾರು ಕತೆಗಳು ಅದಿಲ್ಲದೆಯೇ ಚೆನ್ನಾಗಿರುತ್ತವೆ.

ಇನ್ನು ಮೂರನೆಯದು, ಕೊನೆಯ ಸಾಲಿನಲ್ಲಿ ಎಲ್ಲವೂ ಕನಸಾಗಿತ್ತು ಅನ್ನುವುದು, ಅಥವಾ ಇಷ್ಟು ಹೊತ್ತು ಕತೆ ಹೇಳುತ್ತಿದ್ದದ್ದು ಹೆಣ ಅನ್ನುವುದು. ದಯವಿಟ್ಟು ಬೇಡ. ಅದೇ ವಾರ ಇನ್ನೂ ನಾಲ್ಕು ಜನ ಅದನ್ನೇ ಬರೆದಿರುತ್ತಾರೆ.

ಪದಮಿತಿ 2000 ಅಂದಿದ್ದಾರೆ. ನನ್ನದು 2150 ಇದೆ. ನಡೆಯುತ್ತದಾ?

ಇಲ್ಲ. ಕೆಲವರು ಬಿಡಬಹುದು, ಕೆಲವರು ಓದದೆ ಪಕ್ಕಕ್ಕಿಡುತ್ತಾರೆ. ಯಾರು ಹೇಗೆ ಅಂತ ನಿಮಗೆ ಗೊತ್ತಿರುವುದಿಲ್ಲ. 150 ಪದ ಕತ್ತರಿಸುವುದು ಅಂದುಕೊಂಡಷ್ಟು ಕಷ್ಟವೂ ಅಲ್ಲ. "ತುಂಬಾ", "ಬಹಳ", "ಒಂದು ರೀತಿಯ", "ಎಂದು ಮನಸ್ಸಿನಲ್ಲೇ ಅಂದುಕೊಂಡ", ಇಂಥವನ್ನು ಹುಡುಕಿ ತೆಗೆಯಿರಿ. ಮಾತುಕತೆಯಲ್ಲಿ ಪ್ರತಿ ಸಾಲಿಗೂ "ಎಂದು ಅವಳು ಹೇಳಿದಳು" ಬೇಕಿಲ್ಲ, ಇಬ್ಬರೇ ಮಾತಾಡುತ್ತಿದ್ದರೆ ಓದುಗರಿಗೆ ಗೊತ್ತಾಗುತ್ತದೆ.

ಶೀರ್ಷಿಕೆ ಲೆಕ್ಕಕ್ಕೆ ಬರುತ್ತದೋ ಇಲ್ಲವೋ ನಿಯಮದಲ್ಲಿ ನೋಡಿ. ಇನ್ನೊಂದು ವಿಷಯ. ಕನ್ನಡದಲ್ಲಿ ವಿಭಕ್ತಿ ಪದಕ್ಕೇ ಅಂಟಿಕೊಳ್ಳುತ್ತದೆ, "ಮನೆಯಲ್ಲಿ" ನಮಗೆ ಒಂದೇ ಪದ. ಹಾಗಾಗಿ ಅದೇ ಕತೆ ಇಂಗ್ಲಿಷ್‌ಗಿಂತ ಕನ್ನಡದಲ್ಲಿ ಕಡಿಮೆ ಪದದಲ್ಲಿ ಮುಗಿಯುತ್ತದೆ. ಇಂಗ್ಲಿಷ್ ಲೇಖನಗಳಲ್ಲಿ ಕೊಡುವ ಪದಲೆಕ್ಕದ ಸಲಹೆಯನ್ನು ಹಾಗೇ ಎತ್ತಿಕೊಳ್ಳಬೇಡಿ. 2000 ಕನ್ನಡ ಪದ ಅಂದರೆ ಸಾಕಷ್ಟು ದೊಡ್ಡ ಕತೆ.

ತೀರಾ ಚಿಕ್ಕದಾದರೂ ತೊಂದರೆ ಇಲ್ಲ, ಕನಿಷ್ಠ ಮಿತಿ ದಾಟಿದ್ದರೆ ಸಾಕು. ಮಿತಿ ಮುಟ್ಟಲು ಎಳೆದ ಕತೆ ಮೊದಲ ಪುಟದಲ್ಲೇ ಗೊತ್ತಾಗುತ್ತದೆ.

ವಿಷಯ ಕೊಟ್ಟಿದ್ದಾರೆ, "ಮಳೆ" ಅಂತ. ಮಳೆ ಬರಲೇಬೇಕಾ?

ಬರಬೇಕು, ಆದರೆ ಎಲ್ಲರೂ ಯೋಚಿಸುವ ಮಳೆ ಬೇಡ. ಮೊದಲು ತಲೆಗೆ ಬಂದ ಎರಡು ಕತೆ ಬಿಟ್ಟುಬಿಡಿ, ಅವು ಎಲ್ಲರ ತಲೆಗೂ ಬಂದಿರುತ್ತವೆ. ಮೂರನೆಯದರಿಂದ ನಿಮ್ಮದು ಶುರು. ಹಳೆಯ ಕತೆಯೊಂದಕ್ಕೆ ನಡುವೆ ಎರಡು ಸಾಲು ಮಳೆ ಸುರಿಸಿ ಕಳಿಸಿದರೆ ಓದುವವರಿಗೆ ತಕ್ಷಣ ತಿಳಿಯುತ್ತದೆ. ಮಳೆ ತೆಗೆದರೆ ಕತೆ ಬಿದ್ದುಹೋಗಬೇಕು, ಅಷ್ಟು ಒಳಗೆ ಇರಬೇಕು.

ಫೇಸ್‌ಬುಕ್‌ನಲ್ಲಿ ಹಾಕಿದ್ದ ಕತೆ ಕಳಿಸಬಹುದಾ? ಈಗ ಡಿಲೀಟ್ ಮಾಡಿದ್ದೇನೆ.

"ಅಪ್ರಕಟಿತ ಕತೆ" ಅಂತ ನಿಯಮದಲ್ಲಿದ್ದರೆ ಕಳಿಸಬೇಡಿ. ಸಾಕಷ್ಟು ಸ್ಪರ್ಧೆಗಳು ಫೇಸ್‌ಬುಕ್, ಬ್ಲಾಗ್, ವಾಟ್ಸಾಪ್ ಗ್ರೂಪು, ಕತೆ ಓದುವ ಆ್ಯಪ್, ಎಲ್ಲವನ್ನೂ ಪ್ರಕಟಣೆ ಅಂತಲೇ ಲೆಕ್ಕ ಹಿಡಿಯುತ್ತವೆ. ಡಿಲೀಟ್ ಮಾಡಿದರೂ ಒಮ್ಮೆ ಪ್ರಕಟವಾದದ್ದು ಪ್ರಕಟವಾದದ್ದೇ. ನನಗೇ ಒಮ್ಮೆ ಹೀಗಾಯಿತು. ಕತೆಯೊಂದರ ಮೊದಲ ಅರ್ಧ ಭಾಗ ಖುಷಿಗೆ ಹಾಕಿಕೊಂಡಿದ್ದೆ, ಮರೆತೂ ಬಿಟ್ಟಿದ್ದೆ. ಕತೆ ಕೊನೆಯ ಸುತ್ತಿಗೆ ಹೋಯಿತು. ಆಗ ಯಾರೋ ಆ ಪೋಸ್ಟ್ ತೋರಿಸಿದರು, ಕತೆ ಪಟ್ಟಿಯಿಂದ ಹೊರಗೆ ಬಿತ್ತು. ಅವರು ಮಾಡಿದ್ದು ಸರಿಯೇ. ಆದರೆ ಆ ಸಂಕಟ ಬೇರೆಯವರಿಗೆ ಬೇಡ ಅಂತ ಹೇಳುತ್ತಿದ್ದೇನೆ. ಸ್ಪರ್ಧೆಗೆ ಅಂದುಕೊಂಡ ಕತೆಯ ಒಂದು ಸಾಲನ್ನೂ ಎಲ್ಲೂ ಹಾಕಬೇಡಿ. ಫಲಿತಾಂಶ ಬರುವವರೆಗೆ ಕತೆಯ ಹೆಸರನ್ನೂ ಹೇಳಿಕೊಳ್ಳಬೇಡಿ, ತೀರ್ಪುಗಾರರಿಗೆ ಬರೆದವರು ಯಾರು ಅಂತ ಗೊತ್ತಾಗುವ ಅಪಾಯ ಇದೆ.

ಒಂದೇ ಕತೆಯನ್ನು ಎರಡು ಕಡೆಗೆ ಕಳಿಸಬಹುದಾ?

ನಿಯಮ ಬೇಡ ಅಂದರೆ ಬೇಡ. ನಿಯಮ ಸುಮ್ಮನಿದ್ದರೆ ಇಮೇಲ್ ಮಾಡಿ ಕೇಳಿ. ಕಳಿಸಬಹುದು ಅಂದರೂ, ಒಂದು ಕಡೆ ಆಯ್ಕೆಯಾದ ದಿನವೇ ಇನ್ನೊಂದು ಕಡೆಯಿಂದ ವಾಪಸ್ ತೆಗೆದುಕೊಳ್ಳುವ ಜವಾಬ್ದಾರಿ ನಿಮ್ಮದು. ಯಾವ ಕತೆ, ಎಲ್ಲಿಗೆ, ಯಾವತ್ತು ಕಳಿಸಿದೆ, ಫಲಿತಾಂಶ ಯಾವಾಗ ಅಂತ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮೂರು ಕತೆ ಓಡಾಡಲು ಶುರುವಾದ ಮೇಲೆ ನೆನಪು ಕೈಕೊಡುತ್ತದೆ.

ಹೆಸರು ಬರೆಯಬಾರದು ಅಂದಿದ್ದಾರೆ. ಫೈಲ್ ಹೇಗೆ ಕಳಿಸುವುದು?

ಕತೆಯ ಮೇಲೆ ಹೆಸರು ತೆಗೆಯುವುದು ಎಲ್ಲರಿಗೂ ನೆನಪಿರುತ್ತದೆ. ಮರೆಯುವುದು ಬೇರೆ ಕಡೆ. ಫೈಲಿನ ಹೆಸರಿನಲ್ಲೇ ನಿಮ್ಮ ಹೆಸರು ಇರುತ್ತದೆ. ಪುಟದ ತಲೆಯಲ್ಲೋ ಕೆಳಗೋ ಇರುತ್ತದೆ. ವರ್ಡ್ ಫೈಲಿನ ಪ್ರಾಪರ್ಟೀಸ್‌ನಲ್ಲಿ ಬರೆದವರ ಹೆಸರು ತಾನಾಗಿ ಕೂತಿರುತ್ತದೆ, ಅದನ್ನೂ ಅಳಿಸಿ. ಹೆಸರು, ವಿಳಾಸ, ಫೋನ್ ನಂಬರ್, ಇದು ಸ್ವಂತ ಕತೆ ಅನ್ನುವ ದೃಢೀಕರಣ, ಇವೆಲ್ಲ ಬೇರೆ ಹಾಳೆಯಲ್ಲಿ.

ಅಕ್ಷರದ ವಿಷಯಕ್ಕೆ ಬಂದರೆ, ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಮಾಡಿದ ಫೈಲು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಬರೀ ಅರ್ಥವಿಲ್ಲದ ಚಿಹ್ನೆ ಕಾಣುತ್ತದೆ. ಅವರು ನುಡಿಯೇ ಬೇಕು ಅಂದರೆ ಅದರಲ್ಲೇ ಕೊಡಿ, ಕನ್ವರ್ಟ್ ಮಾಡಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಸರಿ ಇದೆಯಾ ಅಂತ ಸಾಲು ಸಾಲಾಗಿ ನೋಡಿ. ಬಣ್ಣ, ಬಾರ್ಡರ್, ಚಿತ್ರ ಏನೂ ಬೇಡ.

ಕೈಬರಹದಲ್ಲಿ ಕಳಿಸುವುದಾದರೆ ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಿರಿ, ಒಂದು ಪ್ರತಿ ನಿಮ್ಮ ಹತ್ತಿರ ಇಟ್ಟುಕೊಳ್ಳಿ. "ಕತೆಗಳನ್ನು ಹಿಂತಿರುಗಿಸಲಾಗುವುದಿಲ್ಲ" ಅಂತ ಇದ್ದರೆ ನಿಜವಾಗಿಯೂ ಹಿಂತಿರುಗಿಸುವುದಿಲ್ಲ.

ಪ್ರವೇಶ ಶುಲ್ಕ ಕೇಳುತ್ತಿದ್ದಾರೆ. ಮೋಸಾನಾ?

ಶುಲ್ಕ ಇದ್ದ ಮಾತ್ರಕ್ಕೆ ಮೋಸ ಅಲ್ಲ. ಇಂಗ್ಲೆಂಡಿನ ಬ್ರಿಡ್‌ಪೋರ್ಟ್ ಪ್ರಶಸ್ತಿ 1973ರಿಂದ ಇದೆ, ಶುಲ್ಕ ತೆಗೆದುಕೊಳ್ಳುತ್ತದೆ, ಗೌರವವೂ ಇದೆ. ಕಾಮನ್‌ವೆಲ್ತ್ ಸಣ್ಣಕತೆ ಪ್ರಶಸ್ತಿಗೆ ಶುಲ್ಕವೇ ಇಲ್ಲ. ನೋಡಬೇಕಾದ್ದು ಬೇರೆ. ತೀರ್ಪುಗಾರರ ಹೆಸರು ಹಾಕಿದ್ದಾರಾ? ಹಿಂದಿನ ವರ್ಷ ಗೆದ್ದವರು ಯಾರು, ಆ ಕತೆ ಎಲ್ಲಾದರೂ ಓದಲು ಸಿಗುತ್ತದಾ? ಬಹುಮಾನದ ಮೊತ್ತ ಸ್ಪಷ್ಟವಾಗಿ ಹೇಳಿದ್ದಾರಾ, ಇಲ್ಲಾ "ಆಕರ್ಷಕ ಬಹುಮಾನ" ಅಂತ ಮಾತ್ರ ಇದೆಯಾ?

ಒಂದು ಲಕ್ಷಣ ಕಂಡರೆ ಮಾತ್ರ ಹಿಂದೆ ಸರಿಯಿರಿ. ಕಳಿಸಿದ ಎಲ್ಲರಿಗೂ "ನಿಮ್ಮ ಕತೆ ಆಯ್ಕೆಯಾಗಿದೆ, ಸಂಕಲನದಲ್ಲಿ ಬರುತ್ತದೆ" ಅಂತ ಪತ್ರ ಬಂದು, ಕೆಳಗೆ "ಲೇಖಕರು ಕನಿಷ್ಠ ಇಷ್ಟು ಪ್ರತಿ ಕೊಳ್ಳಬೇಕು" ಅಂತ ಇರುತ್ತದೆ. ಅದು ಸ್ಪರ್ಧೆ ಅಲ್ಲ, ಬರೆದವರಿಗೇ ಪುಸ್ತಕ ಮಾರುವ ವ್ಯಾಪಾರ. ಮೊದಲ ಕತೆ ಅಚ್ಚಾಗುವ ಆಸೆಯಲ್ಲಿ ಎಷ್ಟೋ ಒಳ್ಳೆಯವರು ಇದಕ್ಕೆ ದುಡ್ಡು ಕೊಟ್ಟದ್ದನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಕಳಿಸಿದ ಮೇಲೆ ಕತೆಯ ಹಕ್ಕು ಯಾರದು?

ಕತೆ ಬರೆದ ಕ್ಷಣದಿಂದ ನಿಮ್ಮದು. ನೋಂದಣಿ ಮಾಡಿಸಬೇಕು ಅಂತಿಲ್ಲ. ಬರೆದವರ ಹಕ್ಕು ಕಾಪಾಡಲು ದೇಶಗಳು ಮಾಡಿಕೊಂಡ 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲೆಲ್ಲ ಇದೇ ನಿಯಮ. ಆದರೆ ನಿಯಮಾವಳಿಗೆ ಒಪ್ಪಿ ಕಳಿಸಿದಾಗ ಸ್ವಲ್ಪ ಹಕ್ಕು ನೀವೇ ಬಿಟ್ಟುಕೊಟ್ಟಿರಬಹುದು. ಗೆದ್ದ ಕತೆಯನ್ನು ಮೊದಲ ಸಲ ಪ್ರಕಟಿಸುವ ಹಕ್ಕು ಕೇಳಿದರೆ ಅದು ನ್ಯಾಯ. "ಬಂದ ಎಲ್ಲ ಕತೆಗಳ ಸಂಪೂರ್ಣ ಹಕ್ಕು ಶಾಶ್ವತವಾಗಿ ನಮ್ಮದು" ಅಂದರೆ ನ್ಯಾಯ ಅಲ್ಲ. ಗೆಲ್ಲದ ಕತೆಯೂ ಅವರದಾಗುತ್ತದೆ ಅಂತ ಅದರ ಅರ್ಥ.

ಇದು ಹಳೆಯ ತಾಪತ್ರಯ. ಅಮೆರಿಕದ ಹೆಸರಾಂತ ಕತೆಗಾರ ಎಡ್ಗರ್ ಅಲನ್ ಪೋ ಇನ್ನೂ ಹೆಸರು ಮಾಡದ ಹುಡುಗನಾಗಿದ್ದಾಗ, 1831ರಲ್ಲಿ ಫಿಲಡೆಲ್ಫಿಯಾದ ಒಂದು ಪತ್ರಿಕೆಯ ಕಥಾಸ್ಪರ್ಧೆಗೆ ಕತೆ ಕಳಿಸಿದ. ಬಹುಮಾನ ಬರಲಿಲ್ಲ. ಮುಂದಿನ ವರ್ಷ ಆ ಪತ್ರಿಕೆಯಲ್ಲಿ ಅವನ ಕತೆಗಳು ಅಚ್ಚಾದವು, ಅವನ ಹೆಸರೇ ಇಲ್ಲದೆ.

ವಶೀಲಿ ನಡೆಯುತ್ತದೆ ಅಂತಾರೆ. ನಿಜವಾ?

ನಡೆಯುವ ಕಡೆ ನಡೆಯುತ್ತದೆ, ಸುಳ್ಳು ಹೇಳುವುದಿಲ್ಲ. ಅದೇ ಪೋ 1833ರಲ್ಲಿ ಬಾಲ್ಟಿಮೋರ್‌ನ ವಾರಪತ್ರಿಕೆಯೊಂದರ ಸ್ಪರ್ಧೆಗೆ ಕತೆಗಳನ್ನೂ ಒಂದು ಕವಿತೆಯನ್ನೂ ಕಳಿಸಿದ. ಕತೆಗೆ 50 ಡಾಲರ್ ಬಹುಮಾನ ಬಂತು. ಅವನ ಬದುಕಿಗೆ ತಿರುವು ಸಿಕ್ಕಿದ್ದೇ ಅಲ್ಲಿಂದ. ಕವಿತೆಯ ಬಹುಮಾನ ಬೇರೆ ಯಾರಿಗೋ ಹೋಯಿತು. ಆಮೇಲೆ ನೋಡಿದರೆ, ಆ ಕವಿ ಬೇರೆ ಹೆಸರಿನಲ್ಲಿ ಬರೆದಿದ್ದ ಅದೇ ಪತ್ರಿಕೆಯ ಸಂಪಾದಕ. ಪೋಗೆ ಎಷ್ಟು ಸಿಟ್ಟು ಬಂದಿರಬೇಡ!

ಆದರೆ ನಾನು ಕೂತಿದ್ದ ಎರಡೂ ಕಡೆ ಅಂಥದ್ದೇನೂ ಕಾಣಲಿಲ್ಲ. ಕಂಡದ್ದು ಅಭಿರುಚಿಯ ವ್ಯತ್ಯಾಸ. ನಾನು ತಲೆಮೇಲಿಟ್ಟುಕೊಂಡ ಕತೆಯನ್ನು ಪಕ್ಕದವರು ಸಾಧಾರಣ ಅಂದರು. ಅವರು ಒಪ್ಪಿದ್ದನ್ನು ನಾನು ಎರಡು ಸಲ ಓದಿದರೂ ಒಪ್ಪಲಾಗಲಿಲ್ಲ. ಇಬ್ಬರೂ ಪ್ರಾಮಾಣಿಕರೇ. ಗೆದ್ದ ಪಟ್ಟಿಯಲ್ಲಿ ನಿಮ್ಮ ಹೆಸರಿಲ್ಲ ಅಂದ ಕೂಡಲೇ ವಶೀಲಿ ಅಂದುಕೊಂಡರೆ ಕತೆ ತಿದ್ದುವ ಕೆಲಸ ಅಲ್ಲಿಗೇ ನಿಂತುಹೋಗುತ್ತದೆ. ನಿಯಮದಲ್ಲಿ ಸಂಘಟಕರು, ಅವರ ಮನೆಯವರು ಭಾಗವಹಿಸುವಂತಿಲ್ಲ ಅಂತ ಇದೆಯಾ ನೋಡಿ. ಇದ್ದರೆ ಧೈರ್ಯವಾಗಿ ಕಳಿಸಿ.

ಚಾಟ್‌ಜಿಪಿಟಿ ಸಹಾಯ ತೆಗೆದುಕೊಳ್ಳಬಹುದಾ?

ಈಗ ಸುಮಾರು ಸ್ಪರ್ಧೆಗಳು ಎಐ ಬರೆದ ಕತೆ ಬೇಡ ಅಂತ ನಿಯಮದಲ್ಲೇ ಹಾಕಿವೆ. 2023ರ ಫೆಬ್ರುವರಿಯಲ್ಲಿ ಅಮೆರಿಕದ ಕ್ಲಾರ್ಕ್ಸ್‌ವರ್ಲ್ಡ್ ಪತ್ರಿಕೆಗೆ ಯಂತ್ರ ಬರೆದ ಕತೆಗಳು ರಾಶಿ ರಾಶಿ ಬಂದು, ಸ್ವಲ್ಪ ಕಾಲ ಕತೆ ತೆಗೆದುಕೊಳ್ಳುವುದನ್ನೇ ನಿಲ್ಲಿಸಬೇಕಾಯಿತು. ತೊಂದರೆ ಆದದ್ದು ಯಾರಿಗೆ? ತಿಂಗಳುಗಟ್ಟಲೆ ಕೂತು ಬರೆದವರಿಗೆ.

ಕಾಗುಣಿತ ನೋಡಿಕೊಳ್ಳುವುದು ಬೇರೆ ಮಾತು. ಆದರೆ ವಾಕ್ಯ ಅದರಿಂದ ಬರೆಸಬೇಡಿ. ನಿಮ್ಮ ಅಜ್ಜಿ ಬೈಯುವಾಗ ಯಾವ ಪದ ಬಳಸುತ್ತಿದ್ದಳು ಅಂತ ಅದಕ್ಕೆ ಗೊತ್ತಿಲ್ಲ, ನಿಮಗೆ ಗೊತ್ತು. ಕತೆಯಲ್ಲಿ ನಮಗೆ ಬೇಕಾಗಿರುವುದು ಆ ಪದ.

ಇಂಗ್ಲಿಷ್ ಬರುವುದಿಲ್ಲ. ಹೊರದೇಶದ ಸ್ಪರ್ಧೆಗಳು ನಮಗಲ್ಲ, ಅಲ್ವಾ?

ಹಾಗೇನಿಲ್ಲ. ಕಾಮನ್‌ವೆಲ್ತ್ ಪ್ರಶಸ್ತಿಗೆ 2000ದಿಂದ 5000 ಪದದ ಅಪ್ರಕಟಿತ ಕತೆ ಕಳಿಸಬೇಕು, ಬೇರೆ ಭಾಷೆಯಿಂದ ಇಂಗ್ಲಿಷ್‌ಗೆ ಅನುವಾದವಾದ ಕತೆಯನ್ನೂ ಒಪ್ಪುತ್ತಾರೆ. ಅನುವಾದ ಮಾಡುವ ಗೆಳೆಯರಿದ್ದರೆ ಜೊತೆಯಾಗಿ ಕೂತು ಮಾಡಿ. ಬಹುಮಾನ ಬಂದರೆ ಹೇಗೆ ಹಂಚಿಕೊಳ್ಳಬೇಕು, ಅನುವಾದಕರ ಹೆಸರು ಎಲ್ಲಿ ಬರಬೇಕು ಅಂತ ಮೊದಲೇ ಮಾತಾಡಿಕೊಳ್ಳಿ. ಬಹುಮಾನ ಬಂದ ಮೇಲೆ ಮಾತಾಡಲು ಹೋದರೆ ಸ್ನೇಹ ಕೆಡುತ್ತದೆ.

ಫಲಿತಾಂಶ ಬಂತು, ನನ್ನ ಹೆಸರಿಲ್ಲ. ಈಗ?

ಒಂದೆರಡು ದಿನ ಬೇಜಾರಾಗುತ್ತದೆ, ಆಗಲಿ. ತೀರ್ಪುಗಾರರಿಗೆ ಫೋನ್ ಮಾಡಿ "ಯಾಕೆ ಆಗಲಿಲ್ಲ" ಅಂತ ಮಾತ್ರ ಕೇಳಬೇಡಿ. ಮೊದಲ ಸುತ್ತಿನಲ್ಲೇ ನಿಂತಿದ್ದರೆ ಅವರು ನಿಮ್ಮ ಕತೆ ನೋಡಿಯೇ ಇರುವುದಿಲ್ಲ.

ಗೆದ್ದ ಕತೆಗಳು ಪ್ರಕಟವಾದಾಗ ತಪ್ಪದೆ ಓದಿ. "ನನ್ನದಕ್ಕಿಂತ ಇದರಲ್ಲೇನಿದೆ" ಅಂತ ಸಿಟ್ಟಿನಲ್ಲಿ ಒಮ್ಮೆ ಓದಿ, ಪರವಾಗಿಲ್ಲ. ವಾರ ಬಿಟ್ಟು ಪೆನ್ಸಿಲ್ ಹಿಡಿದು ಇನ್ನೊಮ್ಮೆ ಓದಿ. ಎಲ್ಲಿ ಶುರು ಮಾಡಿದ್ದಾರೆ, ಏನನ್ನು ಹೇಳದೆ ಬಿಟ್ಟಿದ್ದಾರೆ, ಎಲ್ಲಿ ನಿಲ್ಲಿಸಿದ್ದಾರೆ ಅಂತ ಗುರುತು ಹಾಕಿ. ಆಮೇಲೆ ನಿಮ್ಮ ಕತೆ ತೆಗೆಯಿರಿ. ತಿದ್ದುವುದು ಕಂಡರೆ ತಿದ್ದಿ, ಕಾಣದಿದ್ದರೆ ಹಾಗೇ ಇನ್ನೊಂದು ಕಡೆ ಕಳಿಸಿ. ನನ್ನ ಒಂದು ಕತೆ ಮೂರು ಸ್ಪರ್ಧೆಯಲ್ಲಿ ಎಲ್ಲೂ ಬರಲಿಲ್ಲ, ನಾಲ್ಕನೆಯದರಲ್ಲಿ ಎರಡನೆಯ ಬಹುಮಾನ ಬಂತು. ನಡುವೆ ನಾನು ಬದಲಿಸಿದ್ದು ಶೀರ್ಷಿಕೆ ಮಾತ್ರ.

"ಮೆಚ್ಚುಗೆ ಪಡೆದ ಕತೆ" ಅಂದರೆ ಸಮಾಧಾನದ ಬಹುಮಾನ ಅಷ್ಟೇ ತಾನೇ?

ಅಲ್ಲವೇ ಅಲ್ಲ. ಅಷ್ಟೊಂದು ಕತೆಗಳ ನಡುವೆ ಒಬ್ಬರು ನಿಮ್ಮದನ್ನು ಕೈಬಿಡಲಾರೆ ಅಂತ ಹಿಡಿದುಕೊಂಡಿದ್ದಾರೆ ಅಂತ ಅರ್ಥ. ನಾನೂ ಹಾಗೆ ಜಗಳವಾಡಿ ಎರಡು ಕತೆಗಳನ್ನು ಆ ಪಟ್ಟಿಗೆ ಸೇರಿಸಿದ್ದೇನೆ. ಬರೆದವರು ಯಾರು ಅಂತ ನನಗೆ ಇವತ್ತಿಗೂ ಗೊತ್ತಿಲ್ಲ, ಕತೆಗಳು ನೆನಪಿವೆ.

ಕೊನೆಯ ದಿನ, ರಾತ್ರಿ ಹನ್ನೊಂದು ಗಂಟೆ. ಕತೆ ಇನ್ನೂ ಮುಗಿದಿಲ್ಲ. ಏನು ಮಾಡಲಿ?

ಮುಗಿದಿಲ್ಲ ಅಂದರೆ ಕಳಿಸಬೇಡಿ. ಆದರೆ ಬರೆಯುವುದನ್ನು ನಿಲ್ಲಿಸಬೇಡಿ, ಹಿಡಿತ ಸಿಕ್ಕಿದ್ದರೆ ಅವತ್ತೇ ರಾತ್ರಿ ಕೂತು ಮುಗಿಸಿ, ಎರಡು ವಾರ ಎತ್ತಿಡಿ. ಮುಗಿದಿದ್ದು, ಬರೀ ಫೈಲ್ ಕಳಿಸುವುದು ಬಾಕಿ ಅಂತಾದರೆ ಹನ್ನೆರಡರವರೆಗೆ ಕಾಯಬೇಡಿ, ಆ ಹೊತ್ತಿಗೆ ಎಲ್ಲರೂ ಮುಗಿಬಿದ್ದು ವೆಬ್‌ಸೈಟ್ ನಿಧಾನವಾಗುತ್ತದೆ. ಹೊರದೇಶದ ಸ್ಪರ್ಧೆಯಾದರೆ ಹನ್ನೆರಡು ಗಂಟೆ ಅಂದದ್ದು ಯಾವ ದೇಶದ ಗಡಿಯಾರದಲ್ಲಿ ಅಂತ ನೋಡಿ, ಇನ್ನೂ ಕೆಲವು ಗಂಟೆ ಉಳಿದಿರಬಹುದು, ಅಥವಾ ಆಗಲೇ ಮುಗಿದಿರಬಹುದು. ಕಳಿಸಿದ ಮೇಲೆ ನೀವು ಲಗತ್ತಿಸಿದ ಫೈಲನ್ನು ಒಮ್ಮೆ ತೆರೆದು ನೋಡಿ. ಕೊನೆಯ ಪ್ರತಿ ಬದಲು ಮೊದಲ ಕರಡು ಕಳಿಸಿದವರು ನೀವೇ ಮೊದಲಲ್ಲ, ತಕ್ಷಣ ಬರೆದು ಕೇಳಿದರೆ ಬದಲಿಸಿಕೊಳ್ಳಲು ಬಿಡುವವರೂ ಇದ್ದಾರೆ.